ಒಮ್ಮೆ ಮಾತ್ರ ಒತ್ತಿ

ಮಾರ್ಚ್ 3, ಸೋಮವಾರ

ಹತ್ತೊಂಬತ್ತು ವರ್ಷದಿಂದ ವೆಬ್ ಪುಟ ಕಟ್ಟುತ್ತಿದ್ದೇನೆ. ಇವತ್ತು ಆಫೀಸಿನ ಯಜಮಾನರು ನಮ್ಮ ಐದೂ ಜನರನ್ನು ಕೂರಿಸಿಕೊಂಡು, ಇನ್ನು ಮೇಲೆ ಕೋಡ್ ಬರೆಯುವುದು ಎಐ, ನಾವು ಪಕ್ಕದಲ್ಲಿ ಕೂತು ನೋಡಿಕೊಂಡರೆ ಸಾಕು ಎಂದರು. ಮನೆಗೆ ಹೊಸ ಮಿಕ್ಸಿ ತಂದವರ ಧಾಟಿಯಲ್ಲಿ ಹೇಳಿದರು. ಆಮೇಲೆ ಎದ್ದು ಕುರ್ಚಿಯನ್ನು ಮೇಜಿನ ಒಳಗೆ ತಳ್ಳುತ್ತಾ, "ಏಪ್ರಿಲ್ ಮುಗಿಯೋ ಹೊತ್ತಿಗೆ ಐದು ಜನ ಬೇಕಾಗಲ್ಲ ಅನ್ಸುತ್ತೆ, ಮೂರು ಸಾಕಾಗ್ಬಹುದು" ಎಂದರು. ಇಂಥ ಮಾತನ್ನು ಕೂತು ಹೇಳುವ ಧೈರ್ಯ ಅವರಿಗೆ ಯಾವತ್ತೂ ಇಲ್ಲ.

ಅದಕ್ಕೇ ಈ ನೋಟ್‌ಬುಕ್ಕು. ಬೈದುಕೊಳ್ಳಲು ಒಂದು ಜಾಗ ಬೇಕು. ನಮ್ಮ ಮನೆಯವರು ಸೇತುವೆ ಕೆಲಸದ ಮೇಲೆ ದೂರದಲ್ಲಿದ್ದಾರೆ, ತಿಂಗಳಿಗೊಮ್ಮೆ ಬರುತ್ತಾರೆ. ಫೋನಿನಲ್ಲಿ ಹೇಳಿದರೆ "ನಿನಗೇನೂ ಆಗಲ್ಲ ಬಿಡು" ಎಂದುಬಿಟ್ಟರು. ಮನೆಯಲ್ಲಿರುವುದು ನಾನು ಮತ್ತು ಅತ್ತೆ. ಅತ್ತೆಗೆ ಹೇಳಿದರೆ ಅವರು ಮೂವತ್ತು ವರ್ಷ ದುಡಿದ ಟೆಲಿಫೋನ್ ಎಕ್ಸ್‌ಚೇಂಜಿನ ಕಥೆ ಶುರುವಾಗುತ್ತದೆ. ಇವತ್ತೂ ಆಯಿತು. "ಯಂತ್ರ ಬಂದಾಗ ನಮ್ಮಲ್ಲೂ ನಲವತ್ತು ಜನರಲ್ಲಿ ಆರು ಜನ ಉಳಿದ್ವಿ. ಉಳಿದೋರು ಯಾರು ಗೊತ್ತಾ? ಗಲಾಟೆ ಮಾಡದೇ ಇದ್ದೋರು." ನನಗೆ ಧೈರ್ಯ ಬರಲಿಲ್ಲ.

ಮಾರ್ಚ್ 5, ಬುಧವಾರ

ಎಐಗೆ ಮೊದಲ ಕೆಲಸ ಕೊಟ್ಟೆ. ಈಜುಕೊಳದವರ ಬುಕಿಂಗ್ ಪುಟ. ನನಗಾದರೆ ಎರಡು ದಿನ. ಅದು ಹನ್ನೊಂದು ನಿಮಿಷದಲ್ಲಿ ಮುಗಿಸಿ ಇಟ್ಟಿತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ತಪ್ಪು ಹುಡುಕಿದೆ. ಸೋಮವಾರ ಈಜುಕೊಳಕ್ಕೆ ರಜೆ ಎನ್ನುವುದನ್ನು ಅದು ಒಂದು ಕಡೆ ಮರೆತಿತ್ತು. ಸಿಕ್ಕಿದ ಖುಷಿಗೆ ಪಕ್ಕದ ಮೇಜಿನ ರೇಡಿಯೋನನ್ನು ಕರೆದು ತೋರಿಸಿದೆ. ರೇಡಿಯೋ ನಮ್ಮ ಪರೀಕ್ಷಕ. ನಾವು ಮಾಡಿದ್ದನ್ನೆಲ್ಲ ಒತ್ತಿ, ಎಳೆದು, ಬೀಳಿಸಿ ನೋಡುವುದು ಅವನ ಕೆಲಸ. ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲವಾದ್ದರಿಂದ ಆ ಹೆಸರು.

"ಅಕ್ಕ, ನೀವು ತಪ್ಪು ಹುಡುಕಿದ ಖುಷಿ ನೋಡಿದ್ರೆ, ಕಳೆದುಹೋದ ಚಿನ್ನ ಸಿಕ್ಕಿದ ಹಾಗಿದೆ" ಎಂದ.

ಎಐಗೆ ಹೇಳಿದೆ. ನಾನು ಕಾಫಿ ಲೋಟ ಎತ್ತಿ ಇಡುವಷ್ಟರಲ್ಲಿ ಸರಿಮಾಡಿತು. ಹೊಟ್ಟೆ ಉರಿಯಿತು ಎಂದು ಇಲ್ಲಿ ಬರೆಯಲು ನಾಚಿಕೆಯೇನಿಲ್ಲ.

ಮಾರ್ಚ್ 12, ಬುಧವಾರ

ಅರ್ಧ ದಿನ ರಜೆ. ಅತ್ತೆಯ ಕಣ್ಣಿಗೆ ಸೂಜಿ ಹಾಕಿಸುವ ದಿನ. ಎಡಗಣ್ಣು ಎರಡು ವರ್ಷದ ಹಿಂದೆಯೇ ಮಸುಕಾಯಿತು. ಬಲಗಣ್ಣನ್ನು ಉಳಿಸಿರುವುದು ನಾಲ್ಕು ವಾರಕ್ಕೊಮ್ಮೆ ಬೀಳುವ ಈ ಸೂಜಿ. ಗೋಡೆಯ ಮೇಲಿನ ಅಕ್ಷರಗಳಲ್ಲಿ ಆರು ಸಾಲು ಓದಿದರು. ಡಾಕ್ಟರಮ್ಮ ಬೆನ್ನು ತಟ್ಟಿ, "ಮುಂದಿನದು ಏಪ್ರಿಲ್ ಒಂಬತ್ತು. ತಪ್ಪಿಸಬೇಡಿ" ಎಂದರು.

"ನಾನು ಯಾವತ್ತು ತಪ್ಪಿಸಿದೀನಿ?" ಎಂದು ಅತ್ತೆ ಅವರನ್ನೇ ಕೇಳಿದರು.

ಆಸ್ಪತ್ರೆಯ ಕಣ್ಣಿನ ವಿಭಾಗದ ಟೋಕನ್ ಪುಟ ನಾನೇ ಮೂರು ವರ್ಷದ ಹಿಂದೆ ಕಟ್ಟಿದ್ದು. ಮಂಗಳವಾರ ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ, ಬುಧವಾರಕ್ಕೆ ನಲವತ್ತು ಟೋಕನ್. ಕೌಂಟರ್ ಮುಚ್ಚಿದ್ದಾರೆ, ಫೋನಿನಲ್ಲೇ ತೆಗೆಯಬೇಕು. ಅತ್ತೆ ತಮ್ಮ ಟೋಕನ್ ತಾವೇ ತೆಗೆಯುತ್ತಾರೆ. ನಾನು ಮಾಡಿಕೊಡುತ್ತೇನೆ ಎಂದರೆ, "ನನ್ನ ಕಣ್ಣು, ನನ್ನ ಟೋಕನ್. ನಿನಗ್ಯಾಕೆ?" ಎಂದು ಬಾಯಿ ಮುಚ್ಚಿಸುತ್ತಾರೆ. ಮೊದಮೊದಲು ಜನ ಆತುರಕ್ಕೆ ಹತ್ತು ಸಲ ಒತ್ತಿ, ಒಬ್ಬರಿಗೇ ಮೂರು ಟೋಕನ್ ಹೋಗಿ ಉಳಿದವರಿಗೆ ಇಲ್ಲದಂತಾಗುತ್ತಿತ್ತು. ಆಗ ಗುಂಡಿಯ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಬರೆದೆ: "ಒಮ್ಮೆ ಮಾತ್ರ ಒತ್ತಿ." ಅತ್ತೆಗೆ ಆ ಪುಟದಲ್ಲಿ ಬಲು ಇಷ್ಟವಾದದ್ದು ಅದೊಂದೇ. ಎಕ್ಸ್‌ಚೇಂಜಿನಲ್ಲೂ ಅದೇ ನಿಯಮವಂತೆ. ಒಮ್ಮೆ ಕರೆ ಕೊಟ್ಟು ಕಾಯಬೇಕು, ಮತ್ತೆ ಮತ್ತೆ ಕುಟ್ಟಿದರೆ ಬೇರೆಯವರ ಲೈನ್ ಕೆಡುತ್ತದೆ.

ಮಾರ್ಚ್ 18, ಮಂಗಳವಾರ

ರೇಡಿಯೋನ ಡ್ರಾಯರಿನಲ್ಲಿ ಒಂದು ಹಳೆಯ ಫೋನಿದೆ. ಗಾಜಿನ ಮೂಲೆ ಬಿರುಕು ಬಿಟ್ಟಿದೆ, ಏನು ಕೇಳಿದರೂ ಯೋಚನೆ ಮಾಡಿ ಉತ್ತರ ಕೊಡುತ್ತದೆ. ಅದಕ್ಕೆ ನಾವಿಟ್ಟ ಹೆಸರು ಅಜ್ಜ. ಅಜ್ಜನಲ್ಲಿ ತೆರೆದು, ಒತ್ತಿ, ಸರಿಯಿದೆ ಎಂದಾಗದೆ ನಮ್ಮಲ್ಲಿ ಯಾವ ಪುಟವೂ ಹೊರಗೆ ಹೋಗುವುದಿಲ್ಲ. ನನ್ನದೂ ಒಂದು ಹಟವಿದೆ: ಗುಂಡಿ ಕಣ್ಣಿಗೆ ಕಂಡಿತೆಂದರೆ ಒತ್ತಿದ ಕೂಡಲೇ ಕೆಲಸ ಮಾಡಬೇಕು. ಹಾಗಾಗಿ ನನ್ನ ಪುಟಗಳಲ್ಲಿ ಗುಂಡಿ ಎಲ್ಲಕ್ಕಿಂತ ಕೊನೆಗೆ, ಅದರ ಹಿಂದಿನ ಕೋಡ್ ಪೂರ್ತಿ ಬಂದ ಮೇಲೇ ಕಾಣಿಸುತ್ತದೆ. ಸ್ವಲ್ಪ ತಡವಾದರೂ ಪರವಾಗಿಲ್ಲ.

ಇವತ್ತು ಯಜಮಾನರು ಬಂದು, ಹೊಸ ಸಾಧನದಲ್ಲಿ ಹಳೆಯ ಫೋನಿನ ಹಾಗೆ ನಟಿಸುವ ಪರದೆಯೇ ಇದೆಯಲ್ಲ, ಇನ್ನು ಅಜ್ಜ ಯಾಕೆ ಎಂದು ಕೇಳಿದರು. ರೇಡಿಯೋ ನಕ್ಕ. ಅಜ್ಜ ಯಾಕೆ ಎಂದು ಅವರು ಕೇಳಿದ್ದರ ಅರ್ಥ ರೇಡಿಯೋ ಯಾಕೆ ಎಂದು. ಅವನಿಗೆ ಅದು ಹೊಳೆಯಿತೋ ಇಲ್ಲವೋ, ನನಗಂತೂ ಹೊಳೆಯಿತು. ನಾನು ನನ್ನ ಪರದೆಯ ಕಡೆ ತಿರುಗಿದೆ.

ಮಾರ್ಚ್ 25, ಮಂಗಳವಾರ

ಗೋಡೆಯ ಮೇಲೆ ದೊಡ್ಡ ಟಿವಿ ಬಂದಿದೆ. ನಮ್ಮ ಒಂದೊಂದು ಪುಟಕ್ಕೂ ನೂರಕ್ಕೆ ಎಷ್ಟು ಅಂಕ, ಪುಟ ಎಷ್ಟು ಬೇಗ ಕಣ್ಣಿಗೆ ಬೀಳುತ್ತದೆ ಎನ್ನುವುದರ ಲೆಕ್ಕ, ದಿನವಿಡೀ ಓಡುತ್ತದೆ. ಪಕ್ಕದಲ್ಲಿ ಮಾಡಿದವರ ಹೆಸರು. ನನ್ನ ಟೋಕನ್ ಪುಟಕ್ಕೆ 61. ಶಾಲೆಯಲ್ಲಿ ಕೂಡ ನನಗೆ ಇಷ್ಟು ಕಡಿಮೆ ಬಂದಿರಲಿಲ್ಲ.

"ಆಸ್ಪತ್ರೆಯವರು ಬೇರೆ ವಿಭಾಗಗಳನ್ನೂ ನಮಗೇ ಕೊಡೋ ಮನಸ್ಸು ಮಾಡಿದಾರೆ. ಅವರಿಗೆ ನೂರು ತೋರಿಸ್ಬೇಕು. ನಿಮ್ಮಿಂದ ಆಗುತ್ತಲ್ಲ?" ಯಜಮಾನರು ಈ ಸಲ ಕೂತೇ ಕೇಳಿದರು. ನಿಂತಿದ್ದವಳು ನಾನು.

ಆಗುತ್ತದೆ ಎಂದೆ. ಬೆಳಿಗ್ಗೆ ಬೇಗ ಬರುತ್ತೇನೆ, ಆರೂಮುಕ್ಕಾಲಕ್ಕೆ ಮನೆ ಬಿಡುತ್ತೇನೆ ಎಂದೂ ಹೇಳಿಬಿಟ್ಟೆ. ಅವರು ಕೇಳಿರಲಿಲ್ಲ.

ಮಾರ್ಚ್ 28, ಶುಕ್ರವಾರ

ರೇಡಿಯೋಗೆ ಇವತ್ತು ಕೊನೆಯ ದಿನ. ಏಪ್ರಿಲ್ ಕೊನೆ ಎಂದಿದ್ದರು, ಪರೀಕ್ಷಕನನ್ನು ಮೊದಲೇ ಕಳಿಸಿದರು. ಡ್ರಾಯರ್ ಖಾಲಿ ಮಾಡಿ ಅಜ್ಜನನ್ನು ನನ್ನ ಕೈಗಿಟ್ಟ. "ಅಕ್ಕ, ಇದನ್ನ ಎಸೀಬೇಡಿ. ಎಲ್ಲಾದ್ರೂ ಆನ್ ಆಗಿರ್ಲಿ." ಆಮೇಲೆ ಅರ್ಧ ನಿಮಿಷ ಮಾತೇ ಆಡಲಿಲ್ಲ. ಅವನ ಬಾಯಿ ಮುಚ್ಚಿದ್ದನ್ನು ನೋಡಿದ ಮೊದಲಿಗಳು ನಾನು.

ಮನೆಗೆ ಬಂದರೆ ಅತ್ತೆಯ ಫೋನು ನೀರಿನ ಬಕೆಟ್ಟಿಗೆ ಬಿದ್ದು ಸತ್ತಿತ್ತು. ಹೊಸದು ಬೇಡ, ಹೊಸದರ ಅಕ್ಷರ ಓಡಾಡುತ್ತದೆ ಎಂದರು. ಅಜ್ಜನಿಗೆ ಅವರ ಸಿಮ್ ಹಾಕಿ ಕೊಟ್ಟೆ. "ನಿಧಾನವಾಗಿದೆ, ಆದ್ರೆ ಮರ್ಯಾದಸ್ಥ" ಎಂದು ಒಪ್ಪಿಕೊಂಡರು. ಒಂದೇ ಕಲ್ಲಿಗೆ ಎರಡು ಹಕ್ಕಿ ಬಿತ್ತು ಎನಿಸಿ ಸಮಾಧಾನವಾಯಿತು.

ಏಪ್ರಿಲ್ 1, ಮಂಗಳವಾರ

ಎಐ ಜೊತೆ ಕೂತು ಟೋಕನ್ ಪುಟ ಬಿಚ್ಚಿದೆವು. ಚಿತ್ರಗಳನ್ನು ಹಗುರ ಮಾಡಿದೆವು, ಬೇಡದ ಕೋಡ್ ಕಿತ್ತೆವು, ಮುಖ್ಯವಾದದ್ದನ್ನು ಮುಂದೆ ತಂದೆವು. ನನಗೆ ಗೊತ್ತಿದ್ದ ಉಪಾಯಗಳೇ, ಆದರೆ ನಾನು ಒಂದನ್ನು ಯೋಚಿಸುವಷ್ಟರಲ್ಲಿ ಅದು ನಾಲ್ಕನ್ನು ಮಾಡಿ ಅಳೆದು ತೋರಿಸುತ್ತದೆ. ಸಂಜೆಗೆ 93. ನಿಜ ಹೇಳಬೇಕೆಂದರೆ ಮಜಾ ಬಂತು. ತುಂಬಾ ವರ್ಷಗಳ ಮೇಲೆ.

ಏಪ್ರಿಲ್ 2, ಬುಧವಾರ

ನೂರು! ಗುಂಡಿ ಕೊನೆಗೆ ಬರುವುದೇ ತಡೆಯಾಗಿತ್ತು. ಎಐ ಅದನ್ನು ಮೊದಲೇ ಕಾಣಿಸುವಂತೆ ಮಾಡಿ, ಅದರ ಹಿಂದಿನ ಕೋಡನ್ನು ಆಮೇಲೆ ತರುವಂತೆ ಬದಲಿಸಿತು. ಕೆಳಗೆ ಉದ್ದಕ್ಕೆ ಏನೋ ಟಿಪ್ಪಣಿ ಬರೆದಿತ್ತು. ಅದು ಯಾವಾಗಲೂ ಉದ್ದಕ್ಕೇ ಬರೆಯುತ್ತದೆ. ಒಪ್ಪಿಗೆ ಒತ್ತಿದೆ. ನಟಿಸುವ ಪರದೆಯಲ್ಲಿ ನೋಡಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ಬಂತು. ಮೂರೂವರೆಗೆ ಬಿಡುಗಡೆ. ಯಜಮಾನರು ಚಪ್ಪಾಳೆ ತಟ್ಟಿದರು. ಟಿವಿಯ ಮೇಲೆ ನನ್ನ ಹೆಸರು ಹಸಿರು ಬಣ್ಣದಲ್ಲಿದೆ.

ಏಪ್ರಿಲ್ 8, ಮಂಗಳವಾರ

ಈಜುಕೊಳ 97, ಗ್ರಂಥಾಲಯ 99. ಅತ್ತೆಗೆ ಟೋಕನ್ ಸಿಗಲಿಲ್ಲವಂತೆ. ಮುಂದಿನ ವಾರ ನೋಡೋಣ ಎಂದೆ.

ಏಪ್ರಿಲ್ 15, ಮಂಗಳವಾರ

ಆರು ಪುಟ ಮುಗಿದವು. ಮೊದಲೆಲ್ಲ ತಿಂಗಳಿಗೆ ಎರಡು. ಎಐ ಬರೆದದ್ದನ್ನು ಈಗ ಪೂರ್ತಿ ಓದುವುದಿಲ್ಲ, ಮೇಲಿನ ಎರಡು ಸಾಲು ಓದಿದರೆ ಗೊತ್ತಾಗುತ್ತದೆ. ಯಜಮಾನರು ಬೇರೆಯವರಿಗೆ ನನ್ನನ್ನು ತೋರಿಸಿ, ಕಲಿಯಿರಿ ಎಂದರು. ಅತ್ತೆಗೆ ಇವತ್ತೂ ಟೋಕನ್ ಇಲ್ಲ. ನೂರು ಅಂಕದ ಪುಟ, ಜನ ಮುಗಿಬೀಳುತ್ತಿರಬೇಕು.

ಏಪ್ರಿಲ್ 22, ಮಂಗಳವಾರ

ಇವತ್ತೂ ಸಿಗಲಿಲ್ಲವಂತೆ. ಏಳಕ್ಕೆ ಸರಿಯಾಗಿ ಒತ್ತಿ ಅಂತ ಹೇಳಿದೆ. "ಏಳಕ್ಕೇ ಒತ್ತಿದ್ದು" ಎಂದರು. ಇಬ್ಬರ ದನಿಯೂ ಸ್ವಲ್ಪ ಏರಿತು.

ಏಪ್ರಿಲ್ 25, ಶುಕ್ರವಾರ

ಕೆಲಸದಲ್ಲಿ ಉಳಿಯುವ ಮೂವರ ಹೆಸರು ಹೇಳಿದರು. ಮೊದಲ ಹೆಸರು ನನ್ನದು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹೋಗುವವಳು ಕೈ ತೊಳೆಯುವಲ್ಲಿ ಅಳುತ್ತಿದ್ದಳು. ನನಗೆ ಅಲ್ಲಿಗೆ ಹೋಗಲಾಗಲಿಲ್ಲ, ಕೆಳಗಿನ ಮಹಡಿಗೆ ಹೋಗಿ ಬಂದೆ. ಅತ್ತೆಗೆ ಸಿಹಿ ತಂದೆ. ಪತ್ರಿಕೆಯ ಪದಬಂಧ ಅರ್ಧಕ್ಕೇ ಬಿಟ್ಟಿದ್ದರು. ಸೋಮಾರಿತನ ಬಂತಾ ಅತ್ತೆ ಎಂದು ರೇಗಿಸಿದೆ. "ಬೇಜಾರು" ಎಂದರು ಅಷ್ಟೆ.

ಏಪ್ರಿಲ್ 29, ಮಂಗಳವಾರ

ಅತ್ತೆ ಬಿಸಿ ಹಾಲನ್ನು ಲೋಟದ ಪಕ್ಕಕ್ಕೆ ಸುರಿದರು. ಅವರೇ ಒರೆಸಿದರು. ಟೋಕನ್ ಆಯಿತಾ ಎಂದು ಕೇಳಿದೆ. "ಇಲ್ಲ" ಎಂದರು, ಒರೆಸುತ್ತಲೇ. ಮುಂದಿನ ವಾರ ತಡವಾಗಿ ಹೋಗಿ ಪಕ್ಕದಲ್ಲೇ ಕೂರುತ್ತೇನೆ ಎಂದೆ. "ನಿನ್ನ ಕೆಲಸಕ್ಕೆ ತೊಂದರೆಯಾದ್ರೆ ಬೇಡ."

ಮೇ 4, ಭಾನುವಾರ

ಇವರು ಬಂದಿದ್ದರು. ಮಧ್ಯಾಹ್ನ ಅಡುಗೆಮನೆಗೆ ಬಂದು ಮೆಲ್ಲಗೆ, "ಅಮ್ಮ ಪೇಪರನ್ನ ಓರೆಯಾಗಿ ಹಿಡ್ಕೊಂಡು ಓದ್ತಾಳಲ್ಲ, ಯಾವಾಗಿಂದ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು, "ನೀವು ತಿಂಗಳಿಗೊಂದು ಸಲ ಬಂದು ತಪ್ಪು ಹುಡುಕೋದು ಸುಲಭ" ಎಂದೆ. ಇವರು ಲೋಟ ತೊಳೆದಿಟ್ಟರು. ಸಂಜೆ ಬಸ್ಸಿಗೆ ಹೊರಡುವಾಗ, "ಸೂಜಿ ಯಾವಾಗ ಆಯ್ತು?" ಎಂದರು. ಮಾರ್ಚ್ ಎಂದೆ. ಬಾಯಿಂದ ಆ ಮಾತು ಹೊರಬಂದಾಗಲೇ ಅದು ಎಷ್ಟು ಹಿಂದೆ ಎಂದು ನನಗೆ ತಿಳಿದದ್ದು.

ಮೇ 6, ಮಂಗಳವಾರ

ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಆರೂವರೆಗೇ ಅತ್ತೆ ಊಟದ ಮೇಜಿನ ಮುಂದೆ ಕೂತಿದ್ದರು. ತಲೆ ಬಾಚಿ, ಕನ್ನಡಕ ಒರೆಸಿ, ಡ್ಯೂಟಿಗೆ ಹೊರಟವರಂತೆ. ಮುಂದೆ ಅಜ್ಜ. ಪಕ್ಕದಲ್ಲಿ ಗೋಡೆ ಗಡಿಯಾರವನ್ನು ಇಳಿಸಿ ಇಟ್ಟುಕೊಂಡಿದ್ದರು. ಸೆಕೆಂಡಿನ ಮುಳ್ಳು ಹತ್ತಿರದಿಂದಲೇ ಕಾಣುವುದಂತೆ. ಪ್ರತಿ ಮಂಗಳವಾರ ಹೀಗೇ ಕೂರುತ್ತಿದ್ದರಂತೆ. ನಾನು ಆರೂಮುಕ್ಕಾಲಕ್ಕೆ ಬಾಗಿಲು ಎಳೆದುಕೊಂಡು ಹೋಗುತ್ತಿದ್ದವಳು, ಇದನ್ನು ಒಂದು ಸಲವೂ ನೋಡಿರಲಿಲ್ಲ.

ಏಳಾಯಿತು. ಪುಟ ಬಂತು, ತಕ್ಷಣ. ನೂರು ಅಂಕದ ಪುಟ. ಹಸಿರು ಗುಂಡಿ ಬಂತು. ಅತ್ತೆ ಮುಖವನ್ನು ಓರೆ ಮಾಡಿ ಗುಂಡಿಯನ್ನು ಹುಡುಕಿ, ತೋರುಬೆರಳಿನಿಂದ ಒಂದು ಸಲ, ಸರಿಯಾಗಿ ನಡುವಿಗೆ ಒತ್ತಿದರು. ಕೈಯನ್ನು ಮಡಿಲಿಗೆ ತೆಗೆದುಕೊಂಡರು. ಕಾದರು.

ಏನೂ ಆಗಲಿಲ್ಲ.

ನಾನು ಕಾದೆ. ಗಡಿಯಾರದ ಮುಳ್ಳು ಅರ್ಧ ಸುತ್ತು ಹೋಯಿತು. ಪೂರ್ತಿ ಸುತ್ತು ಹೋಯಿತು. ಅತ್ತೆ ಅಲುಗಾಡಲಿಲ್ಲ.

"ಎಷ್ಟು ಹೊತ್ತು ಕಾಯ್ತೀರಿ ಅತ್ತೆ?"

"ಐದು ನಿಮಿಷ. ಆಮೇಲೆ ಮುಗಿದೋಯ್ತು ಅಂತ ಮುಚ್ಚಿಡ್ತೀನಿ."

ನಾನು ಕೈ ಚಾಚಿದೆ. ಅವರು ನನ್ನ ಕೈಯನ್ನು ಹಿಡಿದರು. "ಮತ್ತೆ ಒತ್ತಬೇಡ! ಬೇರೆಯವರ ಟೋಕನ್ ಹೋಗುತ್ತೆ. ನೀನೇ ಬರೆದಿದೀಯಲ್ಲ ಕೆಳಗೆ."

ಬರೆದಿದ್ದೇನೆ. ದಪ್ಪ ಅಕ್ಷರದಲ್ಲಿ. ಅವರ ಕೈ ಬಿಡಿಸಿಕೊಂಡು ಒತ್ತಿದೆ. ಟೋಕನ್ ಬಂತು. ಇಪ್ಪತ್ತಮೂರು.

"ಅಯ್ಯೋ, ಇತ್ತಲ್ಲ!" ಎಂದು ಅತ್ತೆ ಮಗುವಿನ ಹಾಗೆ ಸಂತೋಷಪಟ್ಟರು. ನಾನು ಪಕ್ಕದ ಕುರ್ಚಿಯಲ್ಲಿ ಕೂತೆ. ಗುಂಡಿ ಮೊದಲು ಬರುತ್ತದೆ, ಅದರ ಜೀವ ಆಮೇಲೆ ಬರುತ್ತದೆ. ಹೊಸ ಫೋನಿನಲ್ಲಿ ನಡುವಿನ ಹೊತ್ತು ಗೊತ್ತೇ ಆಗುವುದಿಲ್ಲ. ಅಜ್ಜನಲ್ಲಿ ಅಳೆದೆ: ಒಂಬತ್ತು ಸೆಕೆಂಡು. ಆ ಒಂಬತ್ತು ಸೆಕೆಂಡಿನೊಳಗೆ ಒತ್ತಿದ್ದು ಎಲ್ಲಿಗೂ ಹೋಗುವುದಿಲ್ಲ. ಆತುರದವರು ಹತ್ತು ಸಲ ಕುಟ್ಟುತ್ತಾರೆ, ಹತ್ತನೆಯದು ತಾಗುತ್ತದೆ. ಹೇಳಿದ ಮಾತು ಕೇಳಿ ಒಮ್ಮೆ ಒತ್ತಿ ಕಾದವರಿಗೆ ಟೋಕನ್ ಇಲ್ಲ.

ಆಫೀಸಿಗೆ ಹೋಗಿ ಏಪ್ರಿಲ್ ಎರಡರ ಟಿಪ್ಪಣಿ ತೆಗೆದೆ. ಎಐ ಬರೆದಿತ್ತು: "ಗಮನಿಸಿ, ನಿಧಾನದ ಫೋನುಗಳಲ್ಲಿ ಗುಂಡಿ ಕಾಣಿಸಿದ ಮೇಲೂ ಎಂಟು ಹತ್ತು ಸೆಕೆಂಡು ಒತ್ತಿದ್ದು ದಾಖಲಾಗದೆ ಹೋಗಬಹುದು. ಬಿಡುಗಡೆಗೆ ಮೊದಲು ನಿಜವಾದ ಹಳೆಯ ಫೋನಿನಲ್ಲಿ ಒತ್ತಿ ನೋಡುವುದು ಒಳ್ಳೆಯದು. ಬೇಕೆಂದರೆ, ಈ ಕೋಡ್ ಬರುವ ಮೊದಲೂ ಕೆಲಸ ಮಾಡುವ ಸಾದಾ ಗುಂಡಿಯಾಗಿ ಬದಲಿಸಿಕೊಡಬಲ್ಲೆ." ಟಿಪ್ಪಣಿ ಬಂದದ್ದು ಮೂರು ಗಂಟೆ ಹನ್ನೆರಡು ನಿಮಿಷಕ್ಕೆ. ನಾನು ಒಪ್ಪಿಗೆ ಒತ್ತಿದ್ದೂ ಮೂರು ಹನ್ನೆರಡಕ್ಕೆ.

ಬದಲಿಸಿಕೊಡು ಎಂದೆ. ಈ ಸಲ ಬರೆದದ್ದನ್ನೆಲ್ಲ ಓದಿದೆ. ಇಪ್ಪತ್ತು ನಿಮಿಷದ ಕೆಲಸ. ಮನೆಗೆ ಓಡಿ ಬಂದು ಅಜ್ಜನಲ್ಲಿ ಒತ್ತಿ ನೋಡಿ, ಬಿಡುಗಡೆ ಮಾಡಿದೆ. ಅಂಕ 96.

ಎಷ್ಟು ವಾರ ತಪ್ಪಿತು ಎಂದು ಎಣಿಸಲು ಈ ನೋಟ್‌ಬುಕ್ ತಿರುಗಿಸಿದೆ. ಎಂಟು, ಹದಿನೈದು, ಇಪ್ಪತ್ತೆರಡು, ಇಪ್ಪತ್ತೊಂಬತ್ತು. ನಾಲ್ಕೂ ಸಲ ನನ್ನ ಕೈಯಲ್ಲೇ ಬರೆದಿದ್ದೇನೆ.

ಮೇ 7, ಬುಧವಾರ

ನಾಲ್ಕು ಸಾಲು. ಐದನೆಯದರಲ್ಲಿ ಒಂದಕ್ಷರ ಹೇಳಿದರು, ಅದೂ ತಪ್ಪು.

ಡಾಕ್ಟರಮ್ಮ ಬೈಯಲಿಲ್ಲ. "ಒಂದು ಸಾಲು ವಾಪಸ್ ಬರಬಹುದು. ಎರಡೂ ಬರುತ್ತೆ ಅಂತ ನಾನು ಹೇಳಲಾರೆ" ಎಂದರು.

ಹೊರಗೆ ಬೆಂಚಿನ ಮೇಲೆ, ಅತ್ತೆಯ ಕಣ್ಣಿಗೆ ಪಟ್ಟಿ ಇದ್ದಾಗ, ಹೇಳಿದೆ. ನನ್ನ ಪುಟದಿಂದ ಆದದ್ದು, ನಾನು ಓದದೆ ಒಪ್ಪಿದ್ದು, ಎಲ್ಲ. ಕ್ಷಮಿಸಿ ಎನ್ನುವ ಮಾತು ಬರಲಿಲ್ಲ. ಅದರ ಬದಲು ಕೋಡ್, ಸೆಕೆಂಡು ಎಂದು ವಿವರಿಸುತ್ತಲೇ ಹೋದೆ.

ಅತ್ತೆ ಕೇಳಿಸಿಕೊಂಡರು. "ಸರಿ. ನಾನೊಬ್ಬಳೇನಾ ಹೀಗೆ ಕಾದೋಳು?"

ನಾನು ಅದನ್ನು ಯೋಚಿಸಿರಲೇ ಇಲ್ಲ.

ಮೇ 8, ಗುರುವಾರ

ಸರ್ವರಿನ ದಾಖಲೆ ತೆಗೆದೆ. ಮಂಗಳವಾರ ಏಳಕ್ಕೆ ಪುಟ ತೆರೆದು, ನಿಮಿಷಗಟ್ಟಲೆ ಇದ್ದು, ಟೋಕನ್ ಇಲ್ಲದೆ ಮುಚ್ಚಿದವರು: ಹನ್ನೊಂದು, ಹದಿನಾಲ್ಕು, ಹದಿಮೂರು, ಹದಿನಾರು. ಪ್ರತಿ ವಾರ ಟೋಕನ್ ಉಳಿದಿದೆ. ಒತ್ತಿದ್ದೇ ದಾಖಲಾಗದ ಮೇಲೆ ಅವರು ಯಾರೆಂದು ನಮಗೆ ತಿಳಿಯುವುದಿಲ್ಲ.

ಯಜಮಾನರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ಸರಿಮಾಡಿದೀರಲ್ಲ? ಆಯ್ತು ಬಿಡಿ. ಯಾರೂ ಕೇಳಿಲ್ಲ. ನಾವಾಗೇ ಹೋಗಿ ಹೇಳಿದ್ರೆ ಬೇರೆ ವಿಭಾಗದ ಕೆಲಸ ಕೈತಪ್ಪುತ್ತೆ. ನೀವೇ ಕಷ್ಟಪಟ್ಟು ತಂದ ಕೆಲಸ."

"ಆಸ್ಪತ್ರೆಯಲ್ಲಿ ಹೆಸರಿದೆ ಸಾರ್. ಯಾರಿಗೆ ಸೂಜಿ ತಪ್ಪಿದೆ ಅಂತ ಅವರ ಪಟ್ಟೀಲಿ ಇರುತ್ತೆ. ಕರೆದು ಹೇಳಬಹುದು."

ಅವರು ಎದ್ದು ನಿಂತು ಕುರ್ಚಿಯನ್ನು ಒಳಗೆ ತಳ್ಳಿದರು. "ನಿಮ್ಮ ಬಗ್ಗೆನೂ ಮತ್ತೆ ಯೋಚನೆ ಮಾಡೋ ಹಾಗೆ ಮಾಡಬೇಡಿ."

ಮಧ್ಯಾಹ್ನ ಆಸ್ಪತ್ರೆಗೆ ಹೋದೆ.

ಮೇ 9, ಶುಕ್ರವಾರ

ಟೋಕನ್ ವಿಭಾಗದ ಮೇಲ್ವಿಚಾರಕಿ ನಿನ್ನೆ ನಾನು ಹೇಳಿದ್ದನ್ನು ಕೇಳಿ, "ನಾವು ರೋಗಿಗಳು ಕಡಿಮೆ ಆಗಿದಾರೆ ಅಂತ ಖುಷಿಯಾಗಿದ್ವಿ" ಎಂದಿದ್ದರು. ಇವತ್ತು ಪಟ್ಟಿ ಸಿದ್ಧವಾಗಿದೆ ಎಂದು ಫೋನ್ ಮಾಡಿದರು. ಏಪ್ರಿಲ್‌ನಲ್ಲಿ ಸೂಜಿಗೆ ಬರಬೇಕಿದ್ದು ಬಾರದವರು ಮೂವತ್ತೊಂದು ಜನ. ಕರೆ ಮಾಡಲು ಅವರ ಬಳಿ ಇರುವುದು ಒಬ್ಬಳೇ ಗುಮಾಸ್ತೆ, ಅವಳೂ ರಜೆಯಲ್ಲಿ. ನಾನೇ ಬಂದು ಮಾಡುತ್ತೇನೆ ಎಂದೆ.

ಮನೆಯಲ್ಲಿ ಅತ್ತೆ, "ನೀನಾ? ನಿನಗೆ ಫೋನಲ್ಲಿ ಮಾತಾಡೋಕೆ ಬರುತ್ತಾ? ವಿವರಣೆ ಶುರು ಮಾಡ್ತೀಯ. ಮೂವತ್ತೊಂದು ಕಾಲ್ ತಾನೇ, ನಾನು ಬರ್ತೀನಿ" ಎಂದರು. ಮೇಲ್ವಿಚಾರಕಿಯನ್ನು ಕೇಳಿದೆ. ಅವರ ಮೇಜಿನಿಂದ, ಅವರ ಎದುರಿಗೇ ಮಾಡುವುದಾದರೆ ಆಗಲಿ ಎಂದರು.

ರೇಡಿಯೋಗೂ ಫೋನ್ ಮಾಡಿದೆ. ಲಿಫ್ಟ್ ತಪಾಸಣೆ ಕೆಲಸಕ್ಕೆ ಸೇರಿದ್ದಾನಂತೆ. "ಇಲ್ಲೂ ಗುಂಡಿ ಒತ್ತೋದೇ ಅಕ್ಕ. ಒಂದೇ ವ್ಯತ್ಯಾಸ, ಗುಂಡಿ ಕೆಲಸ ಮಾಡದಿದ್ರೆ ಒಳಗಿರೋರು ಕಿರುಚ್ತಾರೆ, ತಕ್ಷಣ ಗೊತ್ತಾಗುತ್ತೆ." ನಕ್ಕೆ. ಆಮೇಲೆ ಅವನಿಗೂ ನಡೆದದ್ದೆಲ್ಲ ಹೇಳಿದೆ. ಅವನು ಅಜ್ಜ ಹೇಗಿದ್ದಾನೆ ಎಂದು ಮಾತ್ರ ಕೇಳಿದ.

ಮೇ 12, ಸೋಮವಾರ

ಮೇಲ್ವಿಚಾರಕಿಯ ಕೋಣೆ. ಕಿಟಕಿಯ ಬಳಿ ಕಡತಗಳ ಕಪಾಟು, ಮೇಜಿನ ಮೇಲೆ ತಂತಿಯ ಫೋನು. ಅದನ್ನು ನೋಡಿ ಅತ್ತೆಯ ಮುಖ ಅರಳಿತು. ಅಂಕಿಗಳು ಅವರಿಗೆ ಈಗ ಓದಲು ಬರುವುದಿಲ್ಲ. ಆದರೆ ಗುಂಡಿಗಳು ಎಲ್ಲಿವೆ ಎಂದು ಬೆರಳಿಗೆ ಗೊತ್ತು. ನಾನು ನಂಬರ್ ಓದುವುದು, ಅವರು ಒತ್ತಿ ಮಾತಾಡುವುದು.

ಅವರು ಆಡುವ ಮಾತು ಮೂರೇ ಸಾಲು. "ಆಸ್ಪತ್ರೆಯ ಕಣ್ಣಿನ ವಿಭಾಗದಿಂದ. ಹೋದ ತಿಂಗಳು ನಿಮಗೆ ಟೋಕನ್ ಸಿಗದೇ ಇದ್ದಿದ್ದು ನಿಮ್ಮ ತಪ್ಪಲ್ಲ, ನಿಮ್ಮ ಫೋನಿನ ತಪ್ಪೂ ಅಲ್ಲ, ಪುಟ ಮಾಡಿದೋರ ತಪ್ಪು. ಈ ಬುಧವಾರ ಬನ್ನಿ, ಟೋಕನ್ ಬೇಡ, ನಿಮ್ಮ ಹೆಸರು ಬರೆದಿಟ್ಟಿದಾರೆ." ಆಮೇಲೆ ಸುಮ್ಮನಾಗಿ ಆ ಕಡೆಯವರ ಮಾತು ಕೇಳುತ್ತಾರೆ, ಎಷ್ಟು ಹೊತ್ತಾದರೂ.

ಬಹಳ ಜನ ಒಂದೇ ಮಾತು ಹೇಳಿದರು. ನನಗೇ ಒತ್ತೋಕೆ ಬರಲಿಲ್ಲ ಅಂದ್ಕೊಂಡೆ. ನಂದೇ ತಪ್ಪು ಅಂದ್ಕೊಂಡೆ. ಒಬ್ಬ ನಿವೃತ್ತ ದರ್ಜಿ ಮಾತ್ರ, "ಈಗ ಬಂದು ಏನಮ್ಮ? ಸೂಜಿಗೆ ದಾರ ಪೋಣಿಸೋದು ಬಿಟ್ಟು ಮೂರು ವಾರ ಆಯ್ತು" ಎಂದರಂತೆ. ಅತ್ತೆ ಅವರ ಜೊತೆ ಹನ್ನೆರಡು ನಿಮಿಷ ಮಾತಾಡಿ ಬರಲು ಒಪ್ಪಿಸಿದರು. ನಾನು ಪಟ್ಟಿಯಲ್ಲಿ ಗೆರೆ ಎಳೆದೆ.

ಹತ್ತೊಂಬತ್ತನೆಯ ನಂಬರ್. ನಮ್ಮ ಕೈಗೆ ಕೊಟ್ಟ ಪಟ್ಟಿಯಲ್ಲಿ ಹೆಸರಿಲ್ಲ, ನಂಬರ್ ಮತ್ತು ತಪ್ಪಿದ ದಿನಾಂಕ ಮಾತ್ರ. ಮೊದಲ ಐದು ಅಂಕಿ ಓದುವಷ್ಟರಲ್ಲಿ ನನಗೆ ತಿಳಿಯಿತು. ನಿಲ್ಲಿಸಬಹುದಿತ್ತು. ಯಾಕೋ ಪೂರ್ತಿ ಓದಿದೆ. ಅತ್ತೆ ಬೆರಳು ನಿಲ್ಲಿಸದೆ ಹತ್ತೂ ಅಂಕಿ ಒತ್ತಿದರು. ಅವರ ಮಡಿಲಿನ ಚೀಲದಲ್ಲಿ ಅಜ್ಜ ರಿಂಗಣಿಸತೊಡಗಿದ.

ಮೇಲ್ವಿಚಾರಕಿ ನಗಲು ಹೋಗಿ ನನ್ನ ಮುಖ ನೋಡಿ ಮುಂದಿದ್ದ ಕಡತ ತೆರೆದರು.

ಅತ್ತೆ ತಂತಿಯ ಫೋನನ್ನು ನನ್ನ ಕೈಗೆ ಕೊಟ್ಟರು. "ಇದನ್ನ ನೀನು ಮಾತಾಡು." ಆಮೇಲೆ ಚೀಲದಲ್ಲಿ ತಡಕಾಡಿ ಅಜ್ಜನನ್ನು ತೆಗೆದು ಕಿವಿಗೆ ಹಿಡಿದರು. "ಹಲೋ" ಎಂದರು, ಗುರುತಿಲ್ಲದವರಿಗೆ ಹೇಳುವ ಹಾಗೆ.

ನಮ್ಮಿಬ್ಬರ ನಡುವೆ ಒಂದು ಮೇಜು. ಅವರು ನನ್ನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ಕಾದರು. ಹೋದ ಮಂಗಳವಾರ ಬೆಳಿಗ್ಗೆ ಗುಂಡಿ ಒತ್ತಿ ಕಾದ ಹಾಗೆಯೇ, ಇನ್ನೊಂದು ಕೈ ಮಡಿಲಲ್ಲಿಟ್ಟುಕೊಂಡು.

"ಆಸ್ಪತ್ರೆಯ ಕಣ್ಣಿನ ವಿಭಾಗದಿಂದ" ಎಂದೆ. ಮುಂದಿನದು ಬರಲಿಲ್ಲ. ಎಷ್ಟು ಸೆಕೆಂಡು ಹೋಯಿತೋ ಅಳೆಯಲಿಲ್ಲ. ಅತ್ತೆ ಫೋನ್ ಇಡಲಿಲ್ಲ.

"ನಿಮ್ಮ ತಪ್ಪಲ್ಲ. ನಿಮ್ಮ ಫೋನಿನ ತಪ್ಪೂ ಅಲ್ಲ. ಆ ಪುಟ ಮಾಡಿದೋಳು ನಾನು. ನೀವು ನಾಲ್ಕು ಸಲ ಹೇಳಿದ್ರಿ, ನಾನು ಕೇಳಿಸ್ಕೊಳ್ಳಲಿಲ್ಲ. ಕ್ಷಮಿಸಿ ಅತ್ತೆ."

ಆ ಕಡೆಯಿಂದ ಉಸಿರು ಎರಡು ಸಲ ಕೇಳಿಸಿತು, ಒಮ್ಮೆ ಫೋನಿನಲ್ಲಿ, ಒಮ್ಮೆ ಎದುರಿನಿಂದ.

"ಈಗ ಕೇಳಿಸ್ತು" ಎಂದರು ಅತ್ತೆ. ಅಜ್ಜನನ್ನು ಚೀಲಕ್ಕೆ ಹಾಕಿ, ತಂತಿಯ ಫೋನಿಗೆ ಕೈ ಚಾಚಿದರು. "ಇನ್ನೂ ಹನ್ನೆರಡಿದೆ. ಮುಂದಿನ ನಂಬರ್ ಓದು."